ಇಪ್ಪತ್ತನಾಲ್ಕು ಪಂದ್ಯಗಳ ದಾರಿ

ದಸರೆಗೆ ಹಲವು ವಾರಗಳ ಮುನ್ನವೇ ಮೈಸೂರಿನಲ್ಲಿ ಆನೆಗಳ ತಾಲೀಮು ಮೊದಲಾಗುತ್ತದೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಅರಮನೆಯಿಂದ ಹೊರಟು, ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿ, ಬನ್ನಿಮಂಟಪವನ್ನು ಮುಟ್ಟಿ ಹಿಂದಿರುಗುತ್ತವೆ. ಬೆನ್ನಿನ ಮೇಲೆ ಮರಳಿನ ಮೂಟೆ. ಪಕ್ಕದಲ್ಲಿ ಮಾವುತ ಮತ್ತು ಕಾವಾಡಿ. ಮೊದಲ ದಿನ ಭಾರ ಕಡಿಮೆ, ದಿನ ಕಳೆದಂತೆ ಹೆಚ್ಚು. ವಿಜಯದಶಮಿಯಂದು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ಆನೆ ಗಂಭೀರವಾಗಿ ನಡೆಯುವುದನ್ನು ಲಕ್ಷಾಂತರ ಜನ ನೋಡುತ್ತಾರೆ. ಆ ಒಂದು ದಿನದ ನಡಿಗೆಯ ಹಿಂದೆ ಇರುವ ನಿತ್ಯದ ನಡಿಗೆಯನ್ನು ನೆನೆಯುವವರು ಕೆಲವರೇ.

ಕ್ರೀಡೆಯಲ್ಲಿಯೂ ಇಂಥ ಎರಡು ಬಗೆಗಳಿವೆ. ಸೋತವರು ಆ ಕ್ಷಣವೇ ಹೊರಬೀಳುವ ಪಂದ್ಯಾವಳಿ ಒಂದು ಬಗೆ. ಅಲ್ಲಿ ಒಂದು ದಿನದ ಅದೃಷ್ಟವೂ ಗೆಲುವನ್ನು ತಂದುಕೊಡಬಹುದು. ಲೀಗ್ ಎಂಬುದು ಮತ್ತೊಂದು ಬಗೆ. ಅಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ತನ್ನ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಬೇಕು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಏನೂ ಇಲ್ಲ. ತಿಂಗಳುಗಟ್ಟಲೆ ನಡೆಯುವ ಈ ಲೆಕ್ಕದಲ್ಲಿ ಅದೃಷ್ಟದ ಪಾಲು ಕರಗುತ್ತ ಹೋಗಿ, ಶ್ರಮದ ಪಾಲು ಉಳಿಯುತ್ತದೆ.

ಕಾಲ್ಚೆಂಡಾಟದಲ್ಲಿ ಕನ್ನಡ ನಾಡಿನ ಹೆಸರು ಇಂದು ನಿನ್ನೆಯದಲ್ಲ. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಅದನ್ನು ತನ್ನಲ್ಲೇ ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರು ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. ಎರಡಕ್ಕೆ ಒಂದರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಜನರ ಕಣ್ಮಣಿಯಾದರು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಮಣಿದದ್ದು ಬಲಾಢ್ಯ ಬಂಗಾಳ. ‘ಮೈಸೂರು’ ಎಂಬ ಹೆಸರು ಆಗ ಅರಮನೆಗೆ ಮಾತ್ರವಲ್ಲ, ಆಟದ ಬಯಲಿಗೂ ಸೇರಿದ್ದಾಗಿತ್ತು.

ಕಾಲ ಬದಲಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗ ಕೊಟ್ಟು ತಂಡಗಳನ್ನು ಕಟ್ಟಿ ಸಾಕಿದವು. ಹಗಲು ಕೆಲಸ ಮಾಡಿ ಸಂಜೆ ಚೆಂಡಿನ ಹಿಂದೆ ಓಡಿದ ಆ ಕಾರ್ಮಿಕರ ಋಣ ದೊಡ್ಡದು. ಆದರೆ ವೃತ್ತಿಪರ ಆಟ ಬೆಳೆದಂತೆ ಕಾರ್ಖಾನೆಯ ತಂಡಗಳಿಗೆ ಅದರ ವೇಗಕ್ಕೆ ಹೆಜ್ಜೆ ಹಾಕುವುದು ಕಷ್ಟವಾಯಿತು. 2011–12ರ ಸಾಲಿನ ಕೊನೆಯಲ್ಲಿ ಎಚ್‌ಎಎಲ್ ತಂಡವು ದೇಶದ ಅತ್ಯುನ್ನತ ಲೀಗಿನಿಂದ ಕೆಳಕ್ಕಿಳಿಯಿತು. ಒಂದು ಕಾಲಕ್ಕೆ ದೇಶಕ್ಕೇ ಆಟಗಾರರನ್ನು ಕೊಟ್ಟ ನಾಡು, ಮೇಲಿನ ಪಂಕ್ತಿಯಲ್ಲಿ ತನ್ನದೆನ್ನುವ ಎಲೆಯಿಲ್ಲದೆ ನಿಂತಿತು.

2013ರಲ್ಲಿ ಉಕ್ಕಿನ ಉದ್ಯಮವೊಂದರ ಬಂಡವಾಳದಿಂದ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಹುಟ್ಟಿತು. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗಿಗೆ ಅದಕ್ಕೆ ನೇರ ಪ್ರವೇಶ ದೊರೆಯಿತು. ತಂಡದ ಆಟಗಾರರು ಹಲವು ನೆಲಗಳಿಂದ ಬಂದವರು. ನಾಯಕ ಸುನಿಲ್ ಛೆಟ್ರಿ ಸಿಕಂದರಾಬಾದಿನಲ್ಲಿ ಹುಟ್ಟಿದವರು. ರೀನೋ ಆಂಟೋ ಕೇರಳದವರು. ಕರ್ಟಿಸ್ ಒಸಾನೊ ಕೀನ್ಯದ ಪರ, ಶಾನ್ ರೂನಿ ಆಸ್ಟ್ರೇಲಿಯದಿಂದ, ಜಾನ್ ಜಾನ್ಸನ್ ಮತ್ತು ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನಿಂದ. ಹಣದಿಂದ ತಂಡವನ್ನು ಕಟ್ಟಬಹುದು; ‘ನಮ್ಮದು’ ಎಂಬ ಭಾವವನ್ನು ಕೊಂಡು ತರಲಾದೀತೆ? ಇದು ಅಂದಿನ ನಿಜವಾದ ಪ್ರಶ್ನೆಯಾಗಿತ್ತು.

ಎದುರಾಳಿಗಳಾದರೋ ಹಳೆಯ ಬೇರುಗಳುಳ್ಳವರು. ಒಟ್ಟು ಹದಿಮೂರು ತಂಡಗಳಲ್ಲಿ ನಾಲ್ಕು ಬಂಗಾಳದವು, ನಾಲ್ಕು ಗೋವೆಯವು. ಮೋಹನ್ ಬಗಾನ್ 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ ಹುಟ್ಟಿದ ಸಂಸ್ಥೆಗಳು. ಗೋವೆಯ ಡೆಂಪೊ ಐದು ಸಲ ರಾಷ್ಟ್ರೀಯ ಲೀಗನ್ನು ಗೆದ್ದ ತಂಡ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಒಂದೇ ಬಣ್ಣಕ್ಕೆ ಜಯಕಾರ ಹಾಕಿದ ಮನೆಗಳು ಅವುಗಳ ಹಿಂದಿದ್ದವು. ಹೊಸ ತಂಡದ ಹಿಂದೆ ನೆನಪೆಂಬುದೇ ಇರಲಿಲ್ಲ.

ಮೈಸೂರು ದಸರೆಗೆ ಸಿದ್ಧವಾಗುತ್ತಿದ್ದ ದಿನಗಳಲ್ಲಿ, 2013ರ ಸೆಪ್ಟೆಂಬರ್ 22ರಂದು, ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯಿತು. ಎದುರಾಳಿ ಮೋಹನ್ ಬಗಾನ್. ರೂನಿ ತಂಡದ ಮೊದಲ ಗೋಲನ್ನು ಗಳಿಸಿದರು. ಪಂದ್ಯ ಒಂದಕ್ಕೊಂದು ಸಮವಾಯಿತು. ಗೆಲುವಲ್ಲ, ಸೋಲೂ ಅಲ್ಲ, ಒಂದು ಅಂಕ. ದಾರಿ ಆರಂಭವಾಯಿತು.

ಮುಂದಿನ ಏಳು ತಿಂಗಳುಗಳ ಕಥೆಯಲ್ಲಿ ಬೆರಗುಗೊಳಿಸುವ ಪವಾಡಗಳಿಗಿಂತ ಕ್ರಮಬದ್ಧವಾದ ದುಡಿಮೆಯೇ ಹೆಚ್ಚು. ವ್ಯಾಯಾಮ, ಆಹಾರ, ವಿಶ್ರಾಂತಿ ಇವು ಚೆಂಡಿನ ಚಳಕದಷ್ಟೇ ಮುಖ್ಯವೆಂದು ತರಬೇತುದಾರರು ನಂಬಿದ್ದರು. ಈ ಹೊತ್ತಿಗೆ ಕ್ರೀಡಾಂಗಣದ ಪಶ್ಚಿಮ ಭಾಗದ ಮೆಟ್ಟಿಲುಗಳಲ್ಲಿ ಮತ್ತೊಂದು ತಂಡ ರೂಪುಗೊಳ್ಳುತ್ತಿತ್ತು. ನೀಲಿ ಅಂಗಿ ತೊಟ್ಟ ಯುವಕ ಯುವತಿಯರು ಅಲ್ಲಿ ಒಟ್ಟಾಗಿ ನಿಂತು ಪಂದ್ಯ ಮುಗಿಯುವವರೆಗೂ ಹಾಡುತ್ತಿದ್ದರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬುದು ಅವರು ಇಟ್ಟುಕೊಂಡ ಹೆಸರು. ‘ನಮ್ಮದು’ ಎಂಬ ಭಾವ ಹುಟ್ಟಿದ್ದು ಹೀಗೆ. ಅದನ್ನು ಯಾರೂ ಕೊಂಡು ತರಲಿಲ್ಲ. ಮೆಟ್ಟಿಲುಗಳ ಮೇಲೆ ನಿಂತವರು ತಾವೇ ಬೆಳೆಸಿದರು.

2014ರ ಏಪ್ರಿಲ್ 21ರಂದು ತಂಡವು ಗೋವೆಯ ಮಡಗಾಂವಿಗೆ ಹೋಗಿ ಫಾತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊವನ್ನು ಎದುರಿಸಿತು. ಐದು ಸಲದ ವಿಜೇತರನ್ನು ಅವರ ಅಂಗಳದಲ್ಲಿಯೇ ನಾಲ್ಕು–ಎರಡು ಗೋಲುಗಳಿಂದ ಸೋಲಿಸಿತು. ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿ ಕೈಸೇರಿತು. ಪ್ರವೇಶಿಸಿದ ವರ್ಷವೇ ಐ-ಲೀಗನ್ನು ಗೆದ್ದ ಮೊದಲ ತಂಡವೆಂಬ ಕೀರ್ತಿ ಬೆಂಗಳೂರಿನದಾಯಿತು. ಛೆಟ್ರಿಯವರು ಆ ಸಾಲಿನಲ್ಲಿ 14 ಗೋಲುಗಳನ್ನು ಗಳಿಸಿದ್ದರು.

ಅಂಕಪಟ್ಟಿಯನ್ನು ಒಮ್ಮೆ ಗಮನಿಸಬೇಕು. 24 ಪಂದ್ಯಗಳಲ್ಲಿ 14 ಗೆಲುವು, 5 ಸಮ, 5 ಸೋಲು. ಒಟ್ಟು 47 ಅಂಕ. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲಿಗೆ 43. ಎಂದರೆ, ವಿಜೇತರಿಗೂ ಹತ್ತು ಪಂದ್ಯಗಳಲ್ಲಿ ಗೆಲುವು ದೊರೆಯಲಿಲ್ಲ. ಅವರು ಹತ್ತು ಸಲ ತಲೆತಗ್ಗಿಸಿ ಮನೆಗೆ ಹೋಗಿ, ಮರುದಿನ ಮತ್ತೆ ಅಭ್ಯಾಸಕ್ಕೆ ಬಂದವರು. ಸೋಲದವರು ಗೆಲ್ಲುವುದಿಲ್ಲ, ಸೋತ ಮರುದಿನ ಮೈದಾನಕ್ಕೆ ಮರಳುವವರು ಗೆಲ್ಲುತ್ತಾರೆ. ಲೀಗ್ ಕಲಿಸುವ ಲೆಕ್ಕ ಇದೇ.

ಅದೇ ತಂಡ ಮರುವರ್ಷ, 2015ರ ಮೇ 31ರಂದು, ಕಂಠೀರವ ಕ್ರೀಡಾಂಗಣದಲ್ಲಿ ಕೊನೆಯ ದಿನದ ಪಂದ್ಯವನ್ನು ಮೋಹನ್ ಬಗಾನ್ ಜತೆ ಸಮಮಾಡಿಕೊಂಡು ಪ್ರಶಸ್ತಿಯನ್ನು ಕಳೆದುಕೊಂಡಿತು. 2016ರಲ್ಲಿ ಅದನ್ನು ಮರಳಿ ಪಡೆದು, ಅದೇ ವರ್ಷ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವಾಯಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಾಜ್ಯ ತಂಡವು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ನಾಡಿಗೆ ತಂದಿತು. ‘ಮೈಸೂರು’ ಹೆಸರಿನಲ್ಲಿ ನಿಂತುಹೋಗಿದ್ದ ಎಣಿಕೆ ‘ಕರ್ನಾಟಕ’ದ ಹೆಸರಿನಲ್ಲಿ ನಾಲ್ಕರಿಂದ ಐದಕ್ಕೆ ಏರಿತು.

ಮಳೆ ನಿಂತ ಸಂಜೆ ಮೈಸೂರಿನ ಬಯಲುಗಳಲ್ಲಿ ಹುಡುಗರು ಎರಡು ಚಪ್ಪಲಿಗಳನ್ನು ಗುರುತಿಗಿಟ್ಟು ಅವುಗಳ ನಡುವೆ ಚೆಂಡನ್ನು ಒದೆಯುತ್ತಾರೆ. ಅಲ್ಲಿ ಅಂಕಪಟ್ಟಿಯಿಲ್ಲ, ನೀಲಿ ಅಂಗಿಯಿಲ್ಲ, ಹಾಡುವವರೂ ಇಲ್ಲ. ಕತ್ತಲಾದಾಗ ಆಟ ನಿಲ್ಲುತ್ತದೆ. ಸೋತವರು “ನಾಳೆ ನೋಡ್ಕೋತೀವಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಮರುದಿನ ಬೆಳಗ್ಗೆ ಮರಳಿನ ಮೂಟೆ ಹೊತ್ತ ಆನೆ ಮತ್ತೆ ಬನ್ನಿಮಂಟಪದ ಕಡೆಗೆ ನಡೆಯುತ್ತದೆ. ಸಂಜೆಯಾದರೆ ಹುಡುಗರೂ ಮತ್ತೆ ಬಯಲಿಗೆ ಬರುತ್ತಾರೆ.