ಗೇಟಿನ ಬಾಯಲ್ಲಿ ನಿಂತ ಬಾಬ್‌ಕ್ಯಾಟ್

ಬಿಜೈ, ಮಂಗಳೂರು
ಭಾನುವಾರ

ಪ್ರೀತಿಯ ತಮ್ಮನಿಗೆ,

ಅಪ್ಪಯ್ಯನ ಮಂಡಿನೋವು ಹೇಗಿದೆ? ಅಡಿಕೆಗೆ ಕೊಳೆ ಔಷಧಿ ಹೊಡೆದು ಮುಗಿಯಿತಾ? ಬರುವಾಗ ಹುಲಿಕಲ್ ಘಾಟಿಯಲ್ಲಿ ಎದುರಿನ ವಾಹನ ಕಾಣದಷ್ಟು ಮಂಜಿತ್ತು. ಕುಂದಾಪುರ ತಲುಪುವಷ್ಟರಲ್ಲಿ ಅಂಗಿ ಮೈಗೆ ಅಂಟುವ ಸೆಕೆ. ಪಣಂಬೂರು, ಕೂಳೂರು ಸೇತುವೆ, ಕೊಟ್ಟಾರ ಚೌಕಿ ದಾಟಿ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿದೆ. ರಿಪೇರಿ ಕೆಲಸದ ಜಾಗ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ.

ನೀನು ಕೊಟ್ಟಿಗೆ ಮತ್ತು ಗೊಬ್ಬರದ ಕೆಲಸಕ್ಕೆ ಹಳೇ ಬಾಬ್‌ಕ್ಯಾಟ್ ಲೋಡರ್ ಒಂದನ್ನು ಕೊಳ್ಳುವ ಮಾತಾಡಿದ್ದೀಯಲ್ಲ, ಅದಕ್ಕೇ ಇಲ್ಲಿ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಮುಂಗಡದ ವಿಚಾರ ಮಾಡು.

ಕಾಪಿಕಾಡಿನ ಕಡೆಯ ಓಣಿಯೊಂದರಲ್ಲಿ ಹಳೆಯ ಹಂಚಿನ ಮನೆ ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುತ್ತಿದ್ದಾರೆ. ಒಂದು ಕಾರು ಬಂದರೆ ಎದುರಿನ ಸ್ಕೂಟರು ಗೋಡೆಗೆ ಒತ್ತಿ ನಿಲ್ಲಬೇಕು, ಓಣಿ ಅಷ್ಟೇ ಅಗಲ. ದೊಡ್ಡ ಜೆಸಿಬಿ ತಿರುಗದ ಜಾಗವೆಂದು ಬಾಬ್‌ಕ್ಯಾಟ್ ಇಳಿಸಿದ್ದರು. ಅದು ಮುರಕಲ್ಲಿನ ಚೂರು ತುಂಬಿದ ಬಕೆಟ್ಟನ್ನು ಎದೆಮಟ್ಟಕ್ಕೆ ಎತ್ತಿಕೊಂಡು ಸರಿಯಾಗಿ ಗೇಟಿನ ಬಾಯಲ್ಲೇ ಎಂಜಿನ್ ಆಫ್ ಆಗಿ ನಿಂತಿತ್ತು. ಒಳಗಿನ ಟಿಪ್ಪರ್ ಹೊರಬರುವಂತಿಲ್ಲ, ಹೊರಗಿನ ಸಿಮೆಂಟು ಒಳಹೋಗುವಂತಿಲ್ಲ. ಹೆಲ್ಪರ್ ಹುಡುಗನೊಬ್ಬ ಆ ಎತ್ತಿದ ತೋಳಿನ ಕೆಳಗೆ ಬಗ್ಗಿ ಹೋಗಿ ಬಂದು ಮಾಡುತ್ತಿದ್ದ. ಅದನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

ಮೊದಲು ಅವನನ್ನು ಆಚೆ ಕಳಿಸಿ ಬಕೆಟ್ ಇಳಿಸಿದೆ. ಎಂಜಿನ್ ಸತ್ತಿದ್ದರೂ ಇಳಿಸುವ ದಾರಿ ಇರುತ್ತದೆ. ಈ ಯಂತ್ರದಲ್ಲಿ ಸೀಟಿನ ಬಲಮಗ್ಗುಲಲ್ಲಿ ಒಂದು ನಾಬ್ ಇದೆ. ಅದನ್ನು ಕಾಲು ಸುತ್ತು ತಿರುಗಿಸಿ ಮೇಲೆತ್ತಿ ಹಿಡಿದರೆ ಎಣ್ಣೆ ಹಿಂದೆ ಹರಿದು ತೋಳು ನಿಧಾನಕ್ಕೆ ಇಳಿಯುತ್ತದೆ. ನೀನು ನೋಡಿರುವ ಯಂತ್ರದಲ್ಲಿ ಅದು ಎಲ್ಲಿದೆ, ಕೆಲಸ ಮಾಡುತ್ತದೆಯೇ ಎಂದು ಮಾರುವವನ ಎದುರೇ ಪರೀಕ್ಷಿಸು. ತೋಳು ಮೇಲಿದ್ದಾಗಲೇ ಕೆಳಗೆ ಕೆಲಸ ಮಾಡಬೇಕಾಗಿ ಬಂದರೆ ಕಂಪನಿ ಕೊಟ್ಟ ಕಬ್ಬಿಣದ ಆಧಾರವನ್ನು ಸಿಲಿಂಡರಿಗೆ ಕೂರಿಸಿಯೇ ಮಾಡಬೇಕು. ಮರದ ತುಂಡು, ಜಾಕಿ ಇಟ್ಟು ನಂಬಬೇಡ. ಈ ಜಾತಿಯ ಯಂತ್ರಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಆ ತೋಳಿನ ಕೆಳಗೇ.

ಆಮೇಲೆ ಎಂಜಿನ್. ಆಪರೇಟರ್ ಬಾಗಲಕೋಟೆ ಕಡೆಯವನು, ಹೇಳಿದ್ದು ಸ್ಪಷ್ಟವಾಗಿತ್ತು: "ಎರಡ್ ದಿನದಿಂದ ಎಳೀತಿರ್ಲಿಲ್ರಿ, ಲೋಡ್ ಕೊಟ್ರ ಕುಂದತಿತ್ತು, ಇವತ್ತ ನಿಂತೇ ಬಿಡ್ತು." ದಡಕ್ಕನೆ ನಿಂತಿದ್ದರೆ ಕರೆಂಟಿನ ಕಡೆ ನೋಡಬೇಕು. ಹೀಗೆ ಸೊರಗಿ ನಿಂತರೆ ಡೀಸೆಲ್ಲಿನ ಕಡೆ. ಬ್ಯಾಟರಿ ಸರಿಯಿತ್ತು, ಸೆಲ್ಫ್ ಜೋರಾಗಿಯೇ ತಿರುಗುತ್ತಿತ್ತು. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಲು ಹೇಳಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಇಲ್ಲಿ ಹೊಗೆಯ ಎಳೆಯೂ ಇಲ್ಲ. ಅಂದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಲೇ ಇಲ್ಲ. ಹದಿನೈದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬಾರದು, ಮೋಟಾರ್ ಸುಟ್ಟು ಒಂದಿದ್ದ ರಿಪೇರಿ ಎರಡಾಗುತ್ತದೆ.

ಕೀ ತಿರುಗಿಸಿದಾಗ ಡೀಸೆಲ್ ಪಂಪಿನ ಸೊಲೆನಾಯ್ಡ್ 'ಟಕ್' ಎಂದು ಒಳಗೆಳೆಯುವುದನ್ನು ಕಣ್ಣಾರೆ ನೋಡಿದೆ. ಹಾಗಾಗಿ ವೈರಿಂಗ್ ಬಿಚ್ಚುವ ಕೆಲಸ ಉಳಿಯಿತು. ನಂತರ ಕೈಪಂಪಿನ ರಬ್ಬರ್ ಗುಂಡನ್ನು ಒತ್ತಿ ಬಿಟ್ಟೆ. ಅದು ಚಪ್ಪಟೆಯಾದದ್ದು ಚಪ್ಪಟೆಯಾಗಿಯೇ ಉಳಿಯಿತು. ಒತ್ತಿದಷ್ಟೂ ಮೆತ್ತಗಿದ್ದರೆ ಎಲ್ಲೋ ಏರ್ ಎಳೆಯುತ್ತಿದೆ, ಮತ್ತೆ ಉಬ್ಬದೇ ಹೋದರೆ ಟ್ಯಾಂಕಿನ ಕಡೆ ಕಟ್ಟಿಕೊಂಡಿದೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಖಾಲಿ ನೀರಿನ ಬಾಟಲಿಗೆ ಹಿಡಿದೆ. ತಳದಲ್ಲಿ ಅರ್ಧ ಬೆರಳು ನೀರು, ಅದರ ಮೇಲೆ ಕೊಳೆತ ಬಸಳೆಯ ಹಾಗೆ ಕಪ್ಪು ಲೋಳೆ, ಅದರ ಮೇಲೆ ಡೀಸೆಲ್. ಬಾಟಲಿಯನ್ನು ಬಿಸಿಲಿಗೆ ಹಿಡಿದಾಗ ಮೂರೂ ಪದರ ಬೇರೆ ಬೇರೆ ಕಾಣಿಸಿ, ಸುತ್ತ ನಿಂತವರೆಲ್ಲ ಸುಮ್ಮನಾದರು.

ಕಾರಣ ಹತ್ತು ಹೆಜ್ಜೆ ಆಚೆಯೇ ಇತ್ತು. ಡೀಸೆಲ್ ಡ್ರಮ್ಮನ್ನು ಮಳೆಗಾಲವಿಡೀ ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಮೇಲಿನ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಹಗಲು ಕಾದ ಡ್ರಮ್ ಮಳೆಗೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಕರಾವಳಿಯ ತೇವದ ಗಾಳಿ ಬೆವರಾಗಿ ಇಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಆ ಲೋಳೆ ಅವುಗಳದ್ದೇ. ನಮ್ಮೂರಿನ ಮಳೆಯೇನು ಇಲ್ಲಿಗಿಂತ ಕಡಿಮೆಯೇ? ನಮ್ಮ ಡ್ರಮ್ಮೂ ಕೊಟ್ಟಿಗೆಯ ಹಿಂದೆ ನೆಟ್ಟಗೇ ನಿಂತಿದೆ. ಈ ಪತ್ರ ಕೈಸೇರಿದ ದಿನವೇ ಅದನ್ನು ಸೂರಿನೊಳಗೆ ತಂದು ಅಡ್ಡ ಮಲಗಿಸು, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಎಡಕ್ಕೂ ಬಲಕ್ಕೂ ಬರುವಂತೆ.

ಕ್ಯಾನಿನಲ್ಲಿ ಶುದ್ಧ ಡೀಸೆಲ್ ತಂದು, ಪೈಪನ್ನು ನೇರ ಅದಕ್ಕೆ ಇಳಿಸಿ, ಹೊಸ ಫಿಲ್ಟರ್ ಹಾಕಿ ಏರ್ ತೆಗೆದೆ. ಈಗ ರಬ್ಬರ್ ಗುಂಡು ಗಟ್ಟಿಯಾಯಿತು. ನಾಝಲ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ, ಎಲ್ಲರ ಕೈಯನ್ನೂ ದೂರ ಇಡಿಸಿ ಸೆಲ್ಫ್ ಹೊಡೆಸಿದೆ. ಒಂದು ಹನಿಯೂ ಬರಲಿಲ್ಲ. ಪಂಪಿನವರೆಗೆ ಡೀಸೆಲ್ ಇದೆ, ಪಂಪ್ ದೂಡುತ್ತಿಲ್ಲ. ಅದನ್ನು ಓಣಿಯ ಧೂಳಿನಲ್ಲಿ ಬಿಚ್ಚುವ ಹಾಗಿಲ್ಲ. ಯಂತ್ರವನ್ನೇ ಬೈಕಂಪಾಡಿಯ ಶೆಡ್ಡಿಗೆ ಸಾಗಿಸಬೇಕಾಯಿತು.

ಅಲ್ಲಿಂದ ನಿಜವಾದ ಕಷ್ಟ ಶುರುವಾಯಿತು. ಟ್ರ್ಯಾಕ್ಟರ್ ಕೆಟ್ಟರೆ ನ್ಯೂಟ್ರಲ್ ಮಾಡಿ ನಾಲ್ಕು ಜನ ದೂಡುತ್ತೇವೆ. ಬಾಬ್‌ಕ್ಯಾಟಿಗೆ ಆ ನ್ಯೂಟ್ರಲ್ಲೇ ಇಲ್ಲ. ಎಂಜಿನ್ ಎರಡು ಹೈಡ್ರಾಲಿಕ್ ಪಂಪ್ ತಿರುಗಿಸುತ್ತದೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಪಂಪಿನ ಎಣ್ಣೆ ಆಯಾ ಮಗ್ಗುಲಿನ ಮೋಟಾರನ್ನು, ಮೋಟಾರು ಚೈನಿನ ಮೂಲಕ ಎರಡು ಚಕ್ರಗಳನ್ನು ತಿರುಗಿಸುತ್ತದೆ. ಎಂಜಿನ್ ನಿಂತರೆ ಎಣ್ಣೆ ನಿಂತಿತು, ಎಣ್ಣೆ ನಿಂತರೆ ನಾಲ್ಕೂ ಚಕ್ರ ಲಾಕ್.

ಈ ಯಂತ್ರದ ಮೂಲ ಗೊತ್ತಾದರೆ ನಿನಗೆ ಖುಷಿಯಾದೀತು. 1957ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ರಾಥ್ಸೆ ಎಂಬ ಹಳ್ಳಿಯಲ್ಲಿ ಸಿರಿಲ್ ಮತ್ತು ಲೂಯಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು, ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗಾಗಿ ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿಕೊಟ್ಟರು. ಕಂಬಗಳ ನಡುವೆ ತಿರುಗಿ ಗೊಬ್ಬರ ಬಾಚುವುದೇ ಅದರ ಕೆಲಸ. ಮೆಲ್ರೋ ಎಂಬ ಕಂಪನಿ ಅದನ್ನು ಕೈಗೆತ್ತಿಕೊಂಡು 1960ರಲ್ಲಿ ನಾಲ್ಕು ಚಕ್ರದ ಮಾದರಿ ತಂದಿತು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಹೈಡ್ರಾಲಿಕ್ ಚಾಲನೆ ಸೇರಿದ್ದು ಆಮೇಲೆ. ನಿಂತಲ್ಲೇ ತಿರುಗಲೆಂದು ಒಂದೊಂದು ಮಗ್ಗುಲಿಗೂ ಬೇರೆ ಬೇರೆ ಚಾಲನೆ ಕೊಟ್ಟಿದ್ದಾರೆ. ನಿನ್ನ ಕೊಟ್ಟಿಗೆಗೆ ಅದು ಹೇಳಿಮಾಡಿಸಿದಂತಿರುವುದೂ, ಕೆಟ್ಟಾಗ ಅಲುಗದಿರುವುದೂ ಇದರಿಂದಲೇ. ಕೆಲವು ಮಾದರಿಗಳಲ್ಲಿ ಬೈಪಾಸ್ ವಾಲ್ವ್ ಇರುತ್ತದೆ, ತೆರೆದರೆ ಚಕ್ರ ಉರುಳುತ್ತದೆ. ಆದರೆ ಆಗ ತಡೆಯುವುದಕ್ಕೂ ಏನೂ ಇರುವುದಿಲ್ಲ. ಇಳಿಜಾರಿನಲ್ಲಿ ಅದನ್ನು ಮುಟ್ಟಲೇಬೇಡ.

ಹೈಡ್ರಾ ಕ್ರೇನ್ ತರಿಸೋಣವೆಂದರೆ ಓಣಿಯ ಮೇಲೆ ವಿದ್ಯುತ್ ತಂತಿ. ಕೊನೆಗೆ ವಿಂಚ್ ಇರುವ ಲಾರಿ ತರಿಸಿ, ಲಾಕ್ ಆದ ಚಕ್ರಗಳ ಮೇಲೆಯೇ ಸ್ವಲ್ಪ ದೂರ ಜಾರಿಸಿ ಏರಿಸುವುದೆಂದು ತೀರ್ಮಾನಿಸಿದೆವು. ಟೈರು ಸವೆಯುತ್ತದೆ, ನಿಜ. ಆದರೆ ಹೆಚ್ಚು ದೂರ ಎಳೆಯದಿದ್ದರೆ, ಎಳೆಯುತ್ತಾ ತಿರುಗಿಸದಿದ್ದರೆ ಒಳಗಿನ ಭಾಗಗಳಿಗೆ ಪೆಟ್ಟಿಲ್ಲ. ಬಕೆಟ್ ಖಾಲಿ ಮಾಡಿಸಿದೆ. ಖಾಲಿ ಬಕೆಟ್ಟಿದ್ದಾಗ ಭಾರವೆಲ್ಲ ಹಿಂದಿರುತ್ತದೆ, ಹಾಗಾಗಿ ಹಿಂಭಾಗ ಮುಂದಾಗಿಯೇ ಏರಬೇಕು. ಅದೃಷ್ಟಕ್ಕೆ ಹಿಂಭಾಗ ಓಣಿಯ ಕಡೆಗೇ ಇತ್ತು. ಕೊಕ್ಕೆಯನ್ನು ಕಂಪನಿ ಗುರುತು ಮಾಡಿದ ಕೊಂಡಿಗೇ ಹಾಕಿದೆ. ಎರಡೂವರೆ ಟನ್ನಿನ ಯಂತ್ರವಾದರೆ ಹಗ್ಗ ಅದರ ಒಂದೂವರೆ ಪಟ್ಟು ಭಾರವನ್ನಾದರೂ ತಾಳುವಂತಿರಬೇಕು.

ಶಾಲೆಯ ಮಕ್ಕಳು ಬರುವ ಹೊತ್ತು ತಪ್ಪಿಸಿ ನಡುಮಧ್ಯಾಹ್ನ ಶುರು ಮಾಡಿದೆವು. ಓಣಿಯ ಎರಡೂ ತುದಿಗೆ ಒಬ್ಬೊಬ್ಬರು. ಬಿಗಿಯಾದ ಉಕ್ಕಿನ ಹಗ್ಗದ ನೇರಕ್ಕಾಗಲಿ ಅಕ್ಕಪಕ್ಕಕ್ಕಾಗಲಿ ಯಾರೂ ಇಲ್ಲ. ಅದು ಕಿತ್ತರೆ ಕಾಲು ಕತ್ತರಿಸುತ್ತದೆ. ಸನ್ನೆ ಕೊಡುವವನು ನಾನೊಬ್ಬನೇ. ಗೇಣು ಗೇಣಾಗಿ ಯಂತ್ರ ಕಾಂಕ್ರೀಟಿನ ಮೇಲೆ ಕಿರುಗುಟ್ಟುತ್ತ ಬಂದು ಲಾರಿ ಏರಿತು. ನಾಲ್ಕೂ ಮೂಲೆಗೆ ಚೈನು ಬಿಗಿದೆವು. ಎದುರುಮನೆಯ ಬಾಯಮ್ಮ ಎಲ್ಲರಿಗೂ ಚಹಾ, ಬಿಸಿ ಗೋಳಿಬಜೆ ಕೊಟ್ಟರು. ಯಾರಿಗೂ ಒಂದು ತರಚು ಗಾಯವೂ ಇಲ್ಲದೆ ಆ ಕೆಲಸ ಮುಗಿದದ್ದು ಎಂಜಿನ್ ಓಡುವುದಕ್ಕಿಂತ ದೊಡ್ಡ ಸಂತೋಷ.

ಶೆಡ್ಡಿನಲ್ಲಿ ಡೀಸೆಲ್ ಪಂಪ್ ಬಿಚ್ಚಿಸಿ ನೋಡಿದರೆ ಒಳಗೆಲ್ಲ ತುಕ್ಕು. ಹೊಸ ಭಾಗಗಳು ಬಂದ ಮೇಲೆ ಟ್ಯಾಂಕ್ ಇಳಿಸಿ ತೊಳೆದು ಕೂರಿಸುವ ಕೆಲಸ ಉಳಿದಿದೆ. ಬಿಡುವಾದಾಗ ಬಿಜೈಯ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ ನೋಡಿಕೊಂಡು ಬರುತ್ತೇನೆ. ಅಮ್ಮ ಹೇಳುತ್ತಿದ್ದ ಕದ್ರಿಯ ಮಂಜುನಾಥನ ದರ್ಶನವೂ ಆಗುತ್ತದೆ.

ನಿನಗೆ ಹೇಳುವುದು ಇಷ್ಟೇ. ಯಂತ್ರ ಬೇಡ ಎನ್ನುತ್ತಿಲ್ಲ. ಗೊಬ್ಬರ ಹೊತ್ತು ಅಪ್ಪಯ್ಯನ ಮಂಡಿ ಸವೆದದ್ದು ನನಗೂ ಗೊತ್ತು. ಆದರೆ ನಮ್ಮ ಕೊಟ್ಟಿಗೆಯ ಕೆಳಗೆ, ದರೆಯ ಅಂಚಿನಲ್ಲಿ ಅದು ನಿಂತರೆ ಲಾರಿ ಎಲ್ಲಿಯವರೆಗೆ ಬರುತ್ತದೆ, ವಿಂಚಿನ ಹಗ್ಗ ಎಲ್ಲಿಂದ ಎಳೆಯಬೇಕು? ನಾಳೆ ಬೆಳಿಗ್ಗೆ ಅಳತೆ ಟೇಪು ಹಿಡಿದು ಕೊಟ್ಟಿಗೆಯಿಂದ ಮಣ್ಣಿನ ರಸ್ತೆಯವರೆಗೆ ನಡೆ, ಅಗಲ ಎಲ್ಲೆಲ್ಲಿ ಎಷ್ಟಿದೆ ಬರೆದಿಡು. ಬೇಕಾದರೆ ಕೊಳ್ಳುವ ಮೊದಲೇ ದಾರಿ ಅಗಲ ಮಾಡಿಸೋಣ, ಅರ್ಧ ಖರ್ಚು ನನ್ನದು.

ಅಪ್ಪಯ್ಯ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ