ಕಾನ್ಫರೆನ್ಸ್‌ಗೆ ಬಂದವರಿಗೆ ಹಗಲಿನ ದಂಡು

"ಮುಂದಿನ ವಾರ ಬೆಂಗಳೂರಲ್ಲಿ ಕಾನ್ಫರೆನ್ಸ್ ಇದೆ, ಅಮ್ಮನನ್ನೂ ಕರ್ಕೊಂಡು ಬರ್ತಿದ್ದೀನಿ. ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಹಾಲ್‌ನಲ್ಲೇ ಇರ್ತೀನಿ. ಅವರಿಗೆ ಏನು ತೋರಿಸಬಹುದು?"

ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಆಗಾಗ ಇಂಥ ಮೆಸೇಜ್ ಬರುತ್ತಲೇ ಇರುತ್ತದೆ. ನಾವು ಥಟ್ಟನೆ ಕೊಡುವ ಉತ್ತರವೂ ಗೊತ್ತಿರುವುದೇ: ಲಾಲ್‌ಬಾಗ್, ಅರಮನೆ, ಇಸ್ಕಾನ್, ಬನ್ನೇರುಘಟ್ಟ. ಪಟ್ಟಿ ಚೆನ್ನಾಗಿಯೇ ಇದೆ. ಆದರೆ ವೈಟ್‌ಫೀಲ್ಡ್‌ನಲ್ಲೋ ಎಂ.ಜಿ. ರಸ್ತೆಯಲ್ಲೋ ಉಳಿದುಕೊಂಡವರು ಈ ನಾಲ್ಕನ್ನೂ ಒಂದೇ ದಿನ ನೋಡಲು ಹೊರಟರೆ ಅವರಿಗೆ ಹೆಚ್ಚು ಕಾಣಿಸುವುದು ಮುಂದಿನ ಗಾಡಿಯ ಬ್ರೇಕ್ ಲೈಟು. ಮರುದಿನ "ನಾನು ರೂಮಲ್ಲೇ ಇರ್ತೀನಿ ಬಿಡು, ಟೀವಿ ನೋಡ್ತೀನಿ" ಅಂತಾರೆ ಅಮ್ಮ. ಅಷ್ಟು ದೂರದಿಂದ ಬಂದು ಹೋಟೆಲಿನ ಗೋಡೆ ನೋಡಿಕೊಂಡು ಹೋಗುವುದು ಬೇಸರದ ಸಂಗತಿ ಅಲ್ವಾ?

ಇದಕ್ಕೆ ಒಂದು ಸರಳ ಸೂತ್ರವಿದೆ. ಒಂದು ದಿನಕ್ಕೆ ಒಂದೇ ಬಡಾವಣೆ, ಹೆಚ್ಚೆಂದರೆ ಮೂರು ಜಾಗ, ಮೆಟ್ರೊದ ಒಂದೇ ಲೈನು. ನೇರಳೆ ಮಾರ್ಗದ ಪೂರ್ವ ಭಾಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿರುವುದು ನಾವು ದಿನಾ ದಾಟಿಹೋಗುವ, ಆದರೆ ಹಗಲು ಹೊತ್ತಿನಲ್ಲಿ ನೋಡದ ಊರು.

ದಂಡು ಅಂದರೆ ಇನ್ನೊಂದೂರು

ಅತಿಥಿಗಳಿಗೆ ಮೊದಲು ಇಷ್ಟು ಕಥೆ ಹೇಳಿ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಸೈನ್ಯದ ಹಿಂದೆ ವ್ಯಾಪಾರಿಗಳು, ಅಡುಗೆಯವರು, ದರ್ಜಿಗಳು, ಗುತ್ತಿಗೆದಾರರು ಬಂದರು. ತಮಿಳು, ದಖ್ಖನಿ, ಇಂಗ್ಲಿಷ್ ಎಲ್ಲವೂ ಕನ್ನಡದ ಪಕ್ಕದಲ್ಲಿ ಮನೆ ಮಾಡಿದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆಗೊಂದು, ದಂಡಿಗೊಂದು ಅಂತ ಇದ್ದ ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಅಂದರೆ ಇದು ಕೆಲಸದ ಮೇಲೆ ಬಂದು ಇಲ್ಲೇ ಉಳಿದುಬಿಟ್ಟವರ ಊರು. ಮೂರು ದಿನದ ಕೆಲಸಕ್ಕೆ ಬಂದವರಿಗೆ, ಐದು ವರ್ಷಕ್ಕೆಂದು ಬಂದು ಹದಿನೈದು ವರ್ಷ ಕಳೆದ ನಮ್ಮಂಥವರಿಗೆ ಈ ಕಥೆ ಬೇಗ ಹತ್ತಿರವಾಗುತ್ತದೆ.

ಮೊದಲ ದಿನ: ಶಿವಾಜಿನಗರ

ಕಬ್ಬನ್ ಪಾರ್ಕ್ ಅಥವಾ ಎಂ.ಜಿ. ರಸ್ತೆ ಸ್ಟೇಷನ್‌ನಲ್ಲಿ ಇಳಿದು ಆಟೊ ಹಿಡಿಯಿರಿ. ಒಂಬತ್ತೂವರೆಗೆ ಸೇಂಟ್ ಮೇರಿ ಬೆಸಿಲಿಕಾದಿಂದ ಶುರು ಮಾಡಿದರೆ ಬಿಸಿಲೇರುವುದರೊಳಗೆ ಅರ್ಧ ಸುತ್ತಾಟ ಮುಗಿಯುತ್ತದೆ. ಈಗಿರುವ ಗಾಥಿಕ್ ಶೈಲಿಯ ಕಟ್ಟಡ 1882ರದ್ದು. ಇಲ್ಲಿನ ಮೇರಿ ಮಾತೆಗೆ ಸೀರೆ ಉಡಿಸುತ್ತಾರೆ. ಸೀರೆಯ ಬಣ್ಣ, ಅಂಚು ನೋಡುತ್ತಾ ಅಮ್ಮಂದಿರು ನಿಂತುಬಿಡುತ್ತಾರೆ. ಸೆಪ್ಟೆಂಬರ್ 8ರ ಹಬ್ಬದ ಆಸುಪಾಸಿನಲ್ಲಿ ಮಾತ್ರ ಜನಜಂಗುಳಿ ವಿಪರೀತ. ಮಂಡಿ ನೋವಿರುವವರನ್ನು ಆ ವಾರ ಕರೆದೊಯ್ಯಬೇಡಿ.

ಅಲ್ಲಿಂದ ರಸೆಲ್ ಮಾರ್ಕೆಟ್‌ಗೆ ನಡೆದೇ ಹೋಗಬಹುದು. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ 2012ರಲ್ಲಿ ಬೆಂಕಿ ಬಿತ್ತು, ವ್ಯಾಪಾರಿಗಳು ಮತ್ತೆ ಅಂಗಡಿ ತೆರೆದರು. ಹೂವು, ಹಣ್ಣು, ತರಕಾರಿ ಒಂದು ಕಡೆ, ಮಾಂಸ ಮೀನು ಇನ್ನೊಂದು ಕಡೆ. ಸಸ್ಯಾಹಾರಿ ಅತಿಥಿಗಳಿದ್ದರೆ ಮುಂಚೆಯೇ ಹೇಳಿ, ಹಣ್ಣಿನ ಕಡೆಯಿಂದಲೇ ಸುತ್ತಿಸಿ. ಕಮರ್ಷಿಯಲ್ ಸ್ಟ್ರೀಟ್ ಕೊನೆಗಿರಲಿ, ಬೇಗ ಹೋದರೆ ಮುಚ್ಚಿದ ಶಟರ್‌ಗಳೇ ಸಿಗುತ್ತವೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮಸೀದಿಗಳ ಸುತ್ತ ದಟ್ಟಣೆ ಇರುತ್ತದೆ. ಅವತ್ತು ಹನ್ನೆರಡರೊಳಗೆ ಹೊರಟುಬಿಡಿ.

ಎರಡನೇ ದಿನ: ಹಲಸೂರು

ದಂಡು ಬರುವುದಕ್ಕೂ ಬಹಳ ಮುಂಚೆಯೇ ಹಲಸೂರು ಇತ್ತು. ಅದಕ್ಕೆ ಸಾಕ್ಷಿ ಸೋಮೇಶ್ವರ ದೇವಸ್ಥಾನ. ಹಲಸೂರು ಮೆಟ್ರೊ ಸ್ಟೇಷನ್‌ನಿಂದ ಕಾಲ್ನಡಿಗೆಯ ದಾರಿ. ಎತ್ತರದ ಗೋಪುರ, ವಿಜಯನಗರ ಶೈಲಿಯ ಕಂಬಗಳ ಮಂಟಪ. ಗೋಡೆಯ ಮೇಲೆ ಕೈಲಾಸವನ್ನು ಎತ್ತುತ್ತಿರುವ ರಾವಣನನ್ನು ಹುಡುಕಲು ಮಕ್ಕಳಿಗೆ ಹೇಳಿ. ಅವರಿಗೆ ಆಟ, ದೊಡ್ಡವರಿಗೆ ಸ್ವಲ್ಪ ಬಿಡುವು. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಹನ್ನೊಂದರೊಳಗೆ ತಲುಪುವಂತೆ ಹೊರಡಿ.

ಆಮೇಲೆ ಆಟೊದಲ್ಲಿ ಕೆರೆ ಕಡೆಗೆ. ಇಲ್ಲಿ ನೋಡಲೇಬೇಕಾದದ್ದು ತಿರುವಳ್ಳುವರ್ ಪ್ರತಿಮೆ. ವರ್ಷಗಟ್ಟಲೆ ಮುಸುಕಿನೊಳಗೇ ಇದ್ದ ಅದು 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಎರಡು ರಾಜ್ಯಗಳು ಕವಿಗಳನ್ನು ಅದಲು ಬದಲು ಮಾಡಿಕೊಂಡ ಈ ಕಥೆಯನ್ನು ಚೆನ್ನೈನಿಂದ ಬಂದ ಅತಿಥಿಗಳಿಗೆ ಹೇಳಿ ನೋಡಿ, ಮಾತು ತಾನಾಗೇ ಬೆಳೆಯುತ್ತದೆ. ಕೆಂಪೇಗೌಡರ ಕಾಲದ ನಾಲ್ಕು ಗಡಿಗೋಪುರಗಳಲ್ಲಿ ಒಂದು ಇದೇ ಕೆರೆಯ ಪಕ್ಕ ಇದೆ. ಆದರೆ ಅದು ಸೇನೆಯ ಜಾಗದೊಳಗೆ ಇರುವುದರಿಂದ ಸುಮ್ಮನೆ ಒಳಹೋಗಲು ಆಗುವುದಿಲ್ಲ.

ಮೂರನೇ ದಿನ: ಎಚ್‌ಎಎಲ್ ಮ್ಯೂಸಿಯಂ, ಇಂದಿರಾನಗರ

ಮಕ್ಕಳು ಜೊತೆಗಿದ್ದರೆ ಈ ದಿನವೇ ಅವರಿಗೆ ಹಬ್ಬ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. 2001ರಲ್ಲಿ ತೆರೆದ ಮ್ಯೂಸಿಯಂನ ಅಂಗಳದಲ್ಲಿ ಹಳೆಯ ವಿಮಾನಗಳು ಸಾಲಾಗಿ ನಿಂತಿವೆ. 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಅದರ ವಿನ್ಯಾಸದ ತಂಡವನ್ನು ಮುನ್ನಡೆಸಿದವರು ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್. ಇಲ್ಲೂ ಮತ್ತೆ ಕೆಲಸಕ್ಕೆಂದು ಬಂದವರ ಕಥೆಯೇ! ಬೆಳಿಗ್ಗೆ ಇಂದಿರಾನಗರ ಮೆಟ್ರೊದಿಂದ ಆಟೊದಲ್ಲಿ ಹೋಗಿ, ಊಟದ ಹೊತ್ತಿಗೆ ಇಂದಿರಾನಗರಕ್ಕೇ ವಾಪಸ್ ಬನ್ನಿ. ನೂರಡಿ ರಸ್ತೆ, ಸಿಎಂಎಚ್ ರಸ್ತೆಯಲ್ಲಿ ಎಲ್ಲ ಬಗೆಯ, ಎಲ್ಲ ಬೆಲೆಯ ಊಟ ಸಿಗುತ್ತದೆ.

ಟಿನ್ ಫ್ಯಾಕ್ಟರಿ ಲೆಕ್ಕ

ಕಾನ್ಫರೆನ್ಸ್ ವೈಟ್‌ಫೀಲ್ಡ್ ಕಡೆ ಇದ್ದರೆ ಕೆ.ಆರ್. ಪುರ ದಾಟುವುದೇ ದೊಡ್ಡ ಪ್ರಶ್ನೆ. ಟಿನ್ ಫ್ಯಾಕ್ಟರಿ ಅನ್ನುವ ಹೆಸರು ಕೇಳಿದರೇ ನಮಗೆ ನಿಟ್ಟುಸಿರು ಬರುತ್ತದೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಓಡಿದರೂ ಬೈಯಪ್ಪನಹಳ್ಳಿಯವರೆಗಿನ ಚಿಕ್ಕ ತುಂಡು ಬಾಕಿ ಇತ್ತು. ಅದು ಜೋಡಣೆಯಾಗಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಈಗ ರೈಲು ಬದಲಿಸದೆ ಎಂ.ಜಿ. ರಸ್ತೆಗೆ ಬರಬಹುದು. ಅದಕ್ಕೇ ಕ್ಯಾಬ್ ಬೇಡ ಅನ್ನುವುದು. ಅಂದಹಾಗೆ, ಬೆಂಗಳೂರಿಗೆ ಮೊದಲ ರೈಲು ದಾರಿ ಆಗಿದ್ದೂ ಇದೇ ದಿಕ್ಕಿನಲ್ಲಿ. 1864ರಲ್ಲಿ ದಂಡು ಸ್ಟೇಷನ್ನಿನಿಂದ ಜೋಲಾರಪೇಟೆಗೆ ಶುರುವಾದ ರೈಲು ಇದೇ ಕೆ.ಆರ್. ಪುರದ ಮೇಲೆ ಹಾದು ಹೋಗುತ್ತಿತ್ತು.

ಹೊರಡುವ ಮುಂಚೆ

* ಬೆಳಿಗ್ಗೆ ಆಫೀಸಿನ ರಷ್ ಕಡಿಮೆಯಾದ ಮೇಲೆ ಹೊರಟು, ಸಂಜೆ ನಾಲ್ಕರೊಳಗೆ ವಾಪಸ್ ಮೆಟ್ರೊ ಹತ್ತಿ.
* ದೇವಸ್ಥಾನ, ಚರ್ಚು ಎರಡಕ್ಕೂ ಸರಿಹೋಗುವ ಬಟ್ಟೆ, ಸುಲಭವಾಗಿ ಬಿಚ್ಚುವ ಚಪ್ಪಲಿ ಇರಲಿ.
* ಶೌಚಾಲಯದ ಲೆಕ್ಕ ಮೊದಲೇ ಹಾಕಿ. ಮೆಟ್ರೊ ಸ್ಟೇಷನ್, ಊಟದ ಹೋಟೆಲ್, ಮ್ಯೂಸಿಯಂ ನಂಬಬಹುದಾದ ಜಾಗಗಳು. ಹಿರಿಯರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ.
* ಮ್ಯೂಸಿಯಂ, ಕೆರೆಯ ದೋಣಿ ಅವತ್ತು ಇದೆಯೋ ಇಲ್ಲವೋ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.
* ಹೋಟೆಲಿನ ಹೆಸರು, ಹತ್ತಿರದ ಸ್ಟೇಷನ್, ನಿಮ್ಮ ನಂಬರ್ ಮೂರನ್ನೂ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡಿ. ಭಾಷೆ ಬಾರದವರು ಅದನ್ನು ಆಟೊದವರಿಗೆ ತೋರಿಸಿದರೆ ಸಾಕು, ಫೋನ್ ಚಾರ್ಜ್ ಮುಗಿದರೂ ಭಯವಿಲ್ಲ.

ಇಷ್ಟು ಪ್ಲಾನ್ ಮಾಡಿಕೊಟ್ಟರೆ ಅತಿಥಿಗಳು ತಾವೇ ಹೋಗಿ ಬರುತ್ತಾರೆ. ಆದರೂ ಸಾಧ್ಯವಾದರೆ ಮೂರರಲ್ಲಿ ಒಂದು ದಿನ ಅರ್ಧ ದಿನದ ರಜೆ ಹಾಕಿ ನೀವೂ ಜೊತೆಗೆ ಹೋಗಿ. ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ರಸೆಲ್ ಮಾರ್ಕೆಟ್ ಹೇಗಿರುತ್ತದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಆ ಹೊತ್ತಿಗೆ ನಾವು ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ಇರುತ್ತೇವೆ.