ನೀರು ಬೆರೆಸಿದ ದಿನ

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ರಜೆಗೆ ಊರಿಗೆ ಹೋದಾಗ ಅಮ್ಮ ಕೇಳಿದ್ದಳು, “ಅಲ್ಲಿ ದಿನವಿಡೀ ಏನೇ ಮಾಡ್ತೀಯ?”

“ಎಲೆಕ್ಟ್ರಾನ್ ಹೋಗೋದಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೀತೀನಮ್ಮ.”

“ಎಲ್ಲಿಂದ ಎಲ್ಲಿಗೆ?”

ನಾನು ನಕ್ಕು ಮಾತು ತೇಲಿಸಿಬಿಟ್ಟೆ. ನಾಲ್ಕು ವರ್ಷಗಳ ನಂತರ ಅದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬಂತು.

ನಾವು ಉಸಿರಾಡುವಾಗ ಜೀವಕೋಶಗಳ ಒಳಗೆ ನಡೆಯುವುದು ಎಲೆಕ್ಟ್ರಾನ್‌ಗಳ ಸಾಗಾಟ. ತಿಂದ ಅನ್ನದಿಂದ ಹೊರಟ ಎಲೆಕ್ಟ್ರಾನ್‌ಗಳು ಮೈಟೊಕಾಂಡ್ರಿಯಾದ ಪ್ರೊಟೀನ್‌ಗಳನ್ನು ಒಂದೊಂದಾಗಿ ದಾಟಿ ಕೊನೆಗೆ ಆಕ್ಸಿಜನ್ ಸೇರುತ್ತವೆ. ಆದರೆ ಪ್ರೊಟೀನ್ ಎಂಬುದು ತಂತಿಯಲ್ಲ. ಅದರೊಳಗೆ ಕಬ್ಬಿಣವೋ ತಾಮ್ರವೋ ಇರುವ ತಾಣಗಳು ದೂರದೂರ ಇರುತ್ತವೆ. ನಡುವಿನ ಜಾಗವನ್ನು ಎಲೆಕ್ಟ್ರಾನ್ ಗುಡ್ಡ ಹತ್ತಿ ಇಳಿದಂತೆ ದಾಟುವುದಿಲ್ಲ. ಸುರಂಗದಲ್ಲಿ ನುಗ್ಗಿದಂತೆ ದಾಟುತ್ತದೆ. 1966ರಲ್ಲಿ ಡಿವಾಲ್ಟ್ ಮತ್ತು ಚಾನ್ಸ್ ಎಂಬ ವಿಜ್ಞಾನಿಗಳು ಬೆಳಕಿನಿಂದ ಬದುಕುವ ಒಂದು ಬ್ಯಾಕ್ಟೀರಿಯಾದ ಮೇಲೆ ಲೇಸರ್ ಮಿಂಚು ಹಾಯಿಸಿ ನೋಡಿದರು. ಕೋಣೆಯ ಉಷ್ಣತೆಯಲ್ಲಿ ಸುಮಾರು 2 ಮೈಕ್ರೊಸೆಕೆಂಡ್ ಹಿಡಿಯುತ್ತಿದ್ದ ಸಾಗಾಟ, ತಣ್ಣಗಾಗಿಸುತ್ತಾ ಹೋದಂತೆ ಸುಮಾರು 2 ಮಿಲಿಸೆಕೆಂಡ್‌ಗೆ ಬಂದು ನಿಂತಿತು. 100 ಕೆಲ್ವಿನ್‌ಗಿಂತ ಕೆಳಗೆ ಎಷ್ಟು ತಣ್ಣಗೆ ಮಾಡಿದರೂ ಅದು ಮತ್ತೆ ನಿಧಾನವಾಗಲಿಲ್ಲ. ಗುಡ್ಡ ಹತ್ತುವುದಾಗಿದ್ದರೆ ಹಾಗಾಗುತ್ತಿರಲಿಲ್ಲ.

ಆದರೆ ಎಲ್ಲ ಪ್ರೊಟೀನ್‌ಗಳೂ ಬೆಳಕಿಗೆ ಸ್ಪಂದಿಸುವುದಿಲ್ಲವಲ್ಲ. ಅದಕ್ಕೊಂದು ಉಪಾಯವನ್ನು ಕ್ಯಾಲಿಫೋರ್ನಿಯಾದ ಹ್ಯಾರಿ ಗ್ರೇ ಅವರ ತಂಡ ಬೆಳೆಸಿತು. 1982ರಲ್ಲಿ ಅವರು ಕುದುರೆಯ ಹೃದಯದ ಸೈಟೊಕ್ರೋಮ್ ಸಿ ಪ್ರೊಟೀನಿನ 33ನೇ ಜಾಗದಲ್ಲಿರುವ ಹಿಸ್ಟಿಡಿನ್‌ಗೆ ರುಥೇನಿಯಂ ಅಂಟಿಸಿ ಅಳೆದರು. ಮುಂದೆ ಅಝುರಿನ್ ಎಂಬ ತಾಮ್ರದ ಪ್ರೊಟೀನಿನಲ್ಲೂ ಬೇರೆ ಬೇರೆ ದೂರಗಳಿಗೆ ರುಥೇನಿಯಂ ಕಟ್ಟಿ ನೋಡಿದರು. ನಾನು ಮಾಡುವುದೂ ಅದೇ ಜಾತಿಯ ಕೆಲಸ. ಲೇಸರ್ ಮಿಂಚು ರುಥೇನಿಯಂ ಅನ್ನು ಎಬ್ಬಿಸುತ್ತದೆ. ದ್ರಾವಣದಲ್ಲಿರುವ ಇನ್ನೊಂದು ಅಣು ಅದರಿಂದ ಎಲೆಕ್ಟ್ರಾನ್ ಒಂದನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ರುಥೇನಿಯಂ ದೂರದಲ್ಲಿರುವ ತಾಮ್ರದಿಂದ ಎಳೆದುಕೊಳ್ಳುತ್ತದೆ. ಬಣ್ಣವಿಲ್ಲದ ತಾಮ್ರ ಆಗ ನೀಲಿಯಾಗುತ್ತದೆ. ಆ ನೀಲಿ ಎಷ್ಟು ಬೇಗ ಮೂಡಿತು ಎಂಬುದೇ ಉತ್ತರ. ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದರಿಂದ ಅದೇ ಸ್ಯಾಂಪಲ್‌ಗೆ ಮತ್ತೆ ಮತ್ತೆ ಹೊಡೆಯಬಹುದು.

ಅಝುರಿನ್‌ನಲ್ಲಿ ದೂರ 0.1 ನ್ಯಾನೊಮೀಟರ್ ಹೆಚ್ಚಿದರೆ ವೇಗ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. 1.7 ನ್ಯಾನೊಮೀಟರ್‌ಗೆ ಒಂದು ಮೈಕ್ರೊಸೆಕೆಂಡ್ ಸಾಕಾದರೆ 2.6ಕ್ಕೆ ಹತ್ತು ಮಿಲಿಸೆಕೆಂಡ್‌ನ ಆಸುಪಾಸು ಬೇಕು. ನನ್ನ ಪಾಲಿಗೆ ಬಂದದ್ದು ಇಂಥದೇ ದೂರದ ಒಂದು ಜಾಗ. ಹತ್ತಿಪ್ಪತ್ತು ಮಿಲಿಸೆಕೆಂಡ್ ನಿರೀಕ್ಷಿಸಿದ್ದೆ. ಬಂದದ್ದು 4.

ಎಷ್ಟು ಖುಷಿಯಾಯಿತೆಂದರೆ, ಆ ರಾತ್ರಿ ಹಾಸ್ಟೆಲ್ಲಿಗೆ ನಡೆದು ಹೋದದ್ದೇ ನೆನಪಿಲ್ಲ. ಈ ಪ್ರೊಟೀನಿನೊಳಗೆ ಯಾರೂ ಕಾಣದ ಒಂದು ಒಳದಾರಿ ಇದೆ ಎಂದುಕೊಂಡೆ. ಗೆರೆಯೂ ಅಷ್ಟು ನಯವಾಗಿತ್ತು. ಪೋಸ್ಟರ್ ಮಾಡಿದೆ. ಹಿರಿಯರೊಬ್ಬರು ಅದರ ಮುಂದೆ ಹತ್ತು ನಿಮಿಷ ನಿಂತರು. ಲೇಖನದ ಕರಡೂ ಸಿದ್ಧವಾಯಿತು. ಫೆಲೋಶಿಪ್ ಮುಗಿಯಲು ಏಳು ತಿಂಗಳು ಉಳಿದಿತ್ತು.

ಒಂದು ಪರೀಕ್ಷೆ ಮಾತ್ರ ಬಾಕಿ ಇತ್ತು. ಮಾಡಲೇಬೇಕಾದ, ಆದರೆ ಯಾರಿಗೂ ಬೇಸರ ತರಿಸುವ ಪರೀಕ್ಷೆ: ಸ್ಯಾಂಪಲ್‌ಗೆ ನೀರು ಬೆರೆಸುವುದು. ಬಫರ್ ಎನ್ನುತ್ತೇವೆ, ಆದರೂ ಉಪ್ಪು ಕರಗಿದ ನೀರೇ ಅದು. ಎಲೆಕ್ಟ್ರಾನ್ ಒಂದೇ ಅಣುವಿನೊಳಗೆ ಹೋಗುತ್ತಿದ್ದರೆ ಪಕ್ಕದಲ್ಲಿ ಎಷ್ಟು ಅಣುಗಳಿದ್ದರೂ ಅದಕ್ಕೇನೂ ಆಗಬಾರದು. ಅರ್ಧಕ್ಕೆ ತೆಳುವಾಗಿಸಿದೆ. 4 ಇದ್ದದ್ದು 7 ಆಯಿತು. ಇನ್ನೂ ಅರ್ಧಕ್ಕೆ ಇಳಿಸಿದೆ. 11.

ಲೇಸರ್ ಸೆಕೆಂಡಿಗೊಮ್ಮೆ ಟಕ್ ಎನ್ನುತ್ತಲೇ ಇತ್ತು. ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಎಲ್ಲಿಂದ ಎಲ್ಲಿಗೆ? ಒಂದು ಅಣುವಿನ ರುಥೇನಿಯಂ, ಡಿಕ್ಕಿ ಹೊಡೆದ ಇನ್ನೊಂದು ಅಣುವಿನ ತಾಮ್ರದಿಂದ ಎಲೆಕ್ಟ್ರಾನ್ ಎಳೆಯುತ್ತಿತ್ತು. ಮಿಂಚು ಪ್ರತಿ ಸಲ ಕೆಲವೇ ಅಣುಗಳನ್ನು ಎಬ್ಬಿಸುವುದರಿಂದ ಅವುಗಳ ಸುತ್ತ ತಾಮ್ರಕ್ಕೆ ಬರವಿರಲಿಲ್ಲ. ಗೆರೆ ಅಷ್ಟು ನಯವಾಗಿ ಬಂದದ್ದಕ್ಕೂ ಅದೇ ಕಾರಣ. ನಾನು ಅಳೆದಿದ್ದು ಪ್ರೊಟೀನಿನ ಒಳದಾರಿಯನ್ನಲ್ಲ, ಸಂತೆಯ ನೂಕುನುಗ್ಗಲನ್ನು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸ್ಯಾಂಪಲ್ ಅನ್ನು ಸಿಂಕಿಗೆ ಸುರಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಬಂದು ಸುಮ್ಮನೆ ಹೋಗಲಿಲ್ಲ. ಒಂದು ರಾತ್ರಿ ಪೂರ್ತಿ ನನ್ನ ಜೊತೆಗಿತ್ತು. ಇಂಥ ಸಾಂದ್ರತೆಯಲ್ಲಿ ಅಳೆದೆ ಎಂದು ಬರೆದರೆ ಅದು ಸುಳ್ಳೂ ಅಲ್ಲ. ಕರಡನ್ನು ತೆರೆದು ಆ ಸಾಲನ್ನು ಹೇಗೆ ಬರೆಯಬಹುದು ಎಂದು ನೋಡಿದೆ ಕೂಡ. ವಾಕ್ಯ ಚೆನ್ನಾಗಿಯೇ ಬಂತು. ಹೆದರಿಕೆಯಾದದ್ದು ಆಗ.

ಬೆಳಿಗ್ಗೆ ಗೈಡ್ ಬಳಿ ಹೋಗಿ ಮೂರು ಅಂಕಿಗಳನ್ನೂ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

“ಎಷ್ಟು ಸಲ ಮಾಡಿದೆ?”

“ಮೂರು ಸಲ.”

“ನಾಲ್ಕನೇ ಸಲ ಒಟ್ಟಿಗೆ ಮಾಡೋಣ.”

ನಾಲ್ಕನೇ ಸಲವೂ ಹಾಗೇ ಬಂತು. ಕರಡು ಪಕ್ಕಕ್ಕೆ ಹೋಯಿತು. ಮುಂದಿನ ಐದು ತಿಂಗಳು ತೆಳು ಮಾಡುತ್ತಾ, ಅಳೆಯುತ್ತಾ ಕಳೆದೆ. ತೆಳುವಾದಷ್ಟೂ ನೀಲಿ ಸಣ್ಣದಾಗುತ್ತದೆ, ಗದ್ದಲದಲ್ಲಿ ಮುಳುಗುತ್ತದೆ. ಸಾವಿರಾರು ಮಿಂಚುಗಳ ಸರಾಸರಿ ತೆಗೆದರೆ ಮಾತ್ರ ಅದರ ಆಕಾರ ಕಾಣುತ್ತದೆ. ಸಾಂದ್ರತೆಗೆ ಎದುರಾಗಿ ವೇಗಗಳನ್ನು ಗುರುತಿಸಿ ಗೆರೆ ಎಳೆದಾಗ, ಸಾಂದ್ರತೆ ಸೊನ್ನೆಯಾಗುವ ಕಡೆ ಗೆರೆ ಸೊನ್ನೆ ಮುಟ್ಟಲಿಲ್ಲ. ಅಲ್ಲಿ ಒಂದಿಷ್ಟು ಉಳಿಯಿತು. ಆ ಉಳಿದದ್ದೇ ಒಂಟಿ ಅಣುವಿನ ಸ್ವಂತ ವೇಗ: 30 ಮಿಲಿಸೆಕೆಂಡ್‌ನ ಹತ್ತಿರ. ಯಾವ ಒಳದಾರಿಯೂ ಇರಲಿಲ್ಲ. ನಿರೀಕ್ಷಿಸಿದ್ದಕ್ಕಿಂತಲೂ ನಿಧಾನದ ಮಾಮೂಲಿ ದಾರಿ. ಪ್ರಬಂಧದಲ್ಲಿ ಅದಕ್ಕೆ ಒಂದೂವರೆ ಪುಟ ಸಿಕ್ಕಿದೆ. ಫೆಲೋಶಿಪ್ ಇನ್ನೆರಡು ತಿಂಗಳಿದೆ, ಬರೆಯುವುದು ನಾಲ್ಕು ತಿಂಗಳಿನಷ್ಟಿದೆ.

ಹೋದ ವಾರ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, “ಅವತ್ತು ನೀನು ಕೇಳಿದ್ದೆಯಲ್ಲ, ಎಲ್ಲಿಂದ ಎಲ್ಲಿಗೆ ಅಂತ. ಈಗ ಗೊತ್ತಾಯಿತು.”

ಅವಳಿಗೆ ಕೇಳಿದ್ದು ನೆನಪಿರಲಿಲ್ಲ. “ಊಟ ಆಯ್ತಾ?” ಅಂದಳು.